ಹೊಳೆ ಹಿಡ್ಕೊಂಡು ಹೋಗಿ: ಶಿವಮೊಗ್ಗಕ್ಕೆ ಬರೋರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೇಲಿ ಮಾತಿಗೆ ಮಾತು ಬಂದು 'ಶಿವಮೊಗ್ಗ ನಮ್ಮೂರು, ಏನಾದ್ರೂ ಕೇಳೋದಿದ್ರೆ ಕೇಳಿ' ಅಂತ ಬರೆದಿದ್ದೇ ತಪ್ಪಾಯ್ತು ನೋಡಿ, ಬಂದಿರೋ ಕಾಗದ, ಮೇಲು, ವಾಟ್ಸಾಪು ಎಲ್ಲ ಸೇರಿಸಿದ್ರೆ ಒಂದು ಅಡಿಕೆ ಚೀಲ ತುಂಬುತ್ತೆ. ಮುಕ್ಕಾಲು ಪಾಲು ಜನರ ಪ್ರಶ್ನೆ ಒಂದೇ: ಜೋಗಕ್ಕೆ ಹೋಗ್ತಿದೀವಿ, ರಾತ್ರಿ ಶಿವಮೊಗ್ಗದಲ್ಲಿ ಉಳ್ಕೋತೀವಿ, ಅಲ್ಲಿ ನೋಡೋಕೆ ಏನಾದ್ರೂ ಇದ್ಯಾ? ಈ 'ಏನಾದ್ರೂ ಇದ್ಯಾ' ಅನ್ನೋ ಮಾತು ಕೇಳಿದ್ರೆ ನಂಗೆ ಸ್ವಲ್ಪ ಸಿಟ್ಟೇ ಬರುತ್ತೆ. ನಮ್ಮೂರು ಜೋಗದ ದಾರೀಲಿ ಸಿಗೋ ಲಾಡ್ಜ್ ಅಲ್ಲ ಮಾರಾಯ್ರೆ, ಮಧ್ಯದಲ್ಲೇ ಒಂದು ಹೊಳೆ ಹರಿಯುತ್ತೆ, ಆ ಹೊಳೆ ಹಿಡ್ಕೊಂಡು ಮೇಲಕ್ಕೊಂದು ದಿನ ಕೆಳಕ್ಕೊಂದು ದಿನ ಹೋದ್ರೆ ಸಾಕು, ಮ್ಯಾಪೂ ಬೇಡ. ನಾವು ತುಂಗಾ ನದಿ ಅಂತ ಹೇಳೋದು ಕಮ್ಮಿ, ಹೊಳೆ ಅಂತೀವಿ ಅಷ್ಟೆ, ಊರೊಳಗೆ ಸೇತುವೆ ಹತ್ರದ ಬಸ್‌ಸ್ಟಾಪಿಗೂ ಹೊಳೆ ಬಸ್‌ಸ್ಟಾಪ್ ಅಂತಲೇ ಹೆಸರು. ಸರಿ, ಆರಿಸಿಕೊಂಡಿರೋ ಪ್ರಶ್ನೆಗಳು ಕೆಳಗಿವೆ, ಒಂದೇ ಥರದ್ದೆಲ್ಲ ಸೇರಿಸಿ ಒಂದು ಮಾಡಿದೀನಿ, ನಿಮ್ಮದು ಕಾಣದಿದ್ರೆ ಬೇಜಾರಾಗಬೇಡಿ.

ಪ್ರಶ್ನೆ: ದಸರಾ ರಜೆಗೆ ಬರ್ತಿದೀವಿ, ನಾವಿಬ್ರು, ಎರಡು ಮಕ್ಕಳು (9 ಮತ್ತು 5 ವರ್ಷ), ಜೊತೆಗೆ ಅತ್ತೆ, ಅವರಿಗೆ ಮಂಡಿ ನೋವು. ಎರಡು ರಾತ್ರಿ ಇರ್ತೀವಿ. ಒಂದು ದಿನ ಜೋಗ ಫಿಕ್ಸ್, ಇನ್ನೊಂದು ದಿನ ಏನು ಮಾಡೋದು? ದೇವಸ್ಥಾನ ಜಾಸ್ತಿ ಬೇಡ ಅಂತ ಮಕ್ಕಳ ಕಂಡೀಷನ್. (ಬೆಂಗಳೂರು)

ಉತ್ತರ: ಮೊದ್ಲು ಅತ್ತೆಯವರ ಮಂಡಿ ವಿಷಯ ಮುಗಿಸೋಣ. ಜೋಗದಲ್ಲಿ ಕೆಳಗಿಳಿಯೋಕೆ ಸಾವಿರದ ಮೇಲೆ ಮೆಟ್ಟಿಲಿವೆ, ಅದರ ತಂಟೆಗೆ ಹೋಗಬೇಡಿ, ಮೇಲಿನಿಂದಾನೇ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಾಣುತ್ತೆ, 253 ಮೀಟರ್ ಬೀಳೋ ನೀರನ್ನ ಕೆಳಗೆ ನಿಂತು ಕತ್ತು ಎತ್ತಿ ನೋಡೋದಕ್ಕಿಂತ ಎದುರಿಗೆ ನಿಂತು ನೋಡೋದೇ ಚೆಂದ ಅನ್ನೋದು ನನ್ನ ಅಭಿಪ್ರಾಯ. ಮಂಜು ಮುಚ್ಚಿಕೊಂಡ್ರೆ ವಾಪಸ್ ಹೊರಡಬೇಡಿ, ಒಂದು ಕಾಫಿ ಕುಡಿಯೋಷ್ಟರಲ್ಲಿ ಪರದೆ ಸರಿದ ಹಾಗೆ ಸರಿಯುತ್ತೆ, ಮತ್ತೆ ಮುಚ್ಚುತ್ತೆ, ಅದೇ ಆಟ.

ಎರಡನೇ ದಿನಕ್ಕೆ ತೀರ್ಥಹಳ್ಳಿ ರೋಡ್ ಹಿಡೀರಿ. ಬೆಳಗ್ಗೆ ತಿಂಡಿನೂ ತಿನ್ನದೆ ಹೊರಡಿ ಅಂದ್ರೆ ಬೈಕೋತೀರೇನೋ, ಆದ್ರೂ ಹೇಳ್ತೀನಿ, ಎಂಟೂವರೆ ಒಳಗೆ ಸಕ್ರೆಬೈಲಲ್ಲಿ ಇರಬೇಕು. ಊರಿಂದ ಸುಮಾರು 14 ಕಿ.ಮೀ, ಗಾಜನೂರು ಡ್ಯಾಮಿನ ಹಿನ್ನೀರಿನ ಪಕ್ಕ, ಅರಣ್ಯ ಇಲಾಖೆಯವರ ಆನೆ ಕ್ಯಾಂಪು. ನಾನು ಒಂದ್ಸಲ ಮೈಸೂರಿನ ನೆಂಟರನ್ನ ಕರ್ಕೊಂಡು ಆರಾಮಾಗಿ ಇಡ್ಲಿ ವಡೆ ಎಲ್ಲ ಮುಗಿಸಿ ಹನ್ನೆರಡಕ್ಕೆ ಹೋಗಿ ಬರೀ ಲದ್ದಿ ನೋಡಿಕೊಂಡು ಬಂದಿದೀನಿ, ಆ ನೆಂಟರು ಇವತ್ತಿಗೂ ಮದುವೆ ಮುಂಜಿಯಲ್ಲಿ ಸಿಕ್ಕಾಗ ಎತ್ತಿ ಆಡ್ತಾರೆ. ಹನ್ನೊಂದು ಹೊಡೀತಿದ್ದ ಹಾಗೆ ಆನೆಗಳು ವಾಪಸ್ ಕಾಡಿಗೆ ಹೊರಟುಬಿಡ್ತಾವೆ, ಅವುಗಳ ಟೈಮು ಅವುಗಳದು.

ಬೇಗ ಹೋದ್ರೆ ಏನು ಸಿಗುತ್ತೆ ಅಂದ್ರೆ, ಸ್ನಾನ. ರಾತ್ರಿ ಆನೆಗಳನ್ನ ಕಾಡಿಗೆ ಮೇಯೋಕೆ ಬಿಟ್ಟಿರ್ತಾರೆ, ಕಾಲಿಗೆ ಉದ್ದದ ಸರಪಳಿ, ಬೆಳಗಾಗ್ತಿದ್ದ ಹಾಗೆ ಮಾವುತರು ಆ ಸರಪಳಿ ಎಳೆದಿರೋ ಗೆರೆ ನೋಡ್ಕೊಂಡೇ ಹುಡುಕಿ ಕರ್ಕೊಂಡು ಬರ್ತಾರೆ. ಬಂದವು ನೀರಿಗಿಳಿದು ಒಂದು ಮಗ್ಗುಲಿಗೆ ಧೊಪ್ ಅಂತ ಮಲಗಿದ್ರೆ ಸೊಂಡಿಲಿನ ತುದಿ ಒಂದು ಮಾತ್ರ ಮೇಲೆ, ಅದರಿಂದ ಆಗಾಗ ಬುಸ್ ಅಂತ ಉಸಿರು, ಮಾವುತ ಹೊಟ್ಟೆ ಮೇಲೆ ನಿಂತು ಕುತ್ತಿಗೆ, ಕಿವಿ ಹಿಂದೆ ಎಲ್ಲ ಗಸಗಸ ತಿಕ್ಕೋದು, ಸಾಕು ಅಂದಾಗ ಅವರು ಏನೋ ಒಂದು ಶಬ್ದ ಮಾಡ್ತಾರೆ, ಅಷ್ಟು ದೊಡ್ಡ ಪ್ರಾಣಿ ಸುಮ್ನೆ ಮಗ್ಗುಲು ಬದಲಾಯಿಸುತ್ತೆ. ನಿಮ್ಮ 5 ವರ್ಷದ ಮಗು ಅವತ್ತಿಂದ ಸ್ನಾನಕ್ಕೆ ತಕರಾರು ಮಾಡಲ್ಲ ಅಂತ ಗ್ಯಾರಂಟಿ ಕೊಡಲ್ಲ ಆದ್ರೂ ಟ್ರೈ ಮಾಡಿ. ಆಮೇಲೆ ಊಟ, ಹುಲ್ಲು ಮಡಚಿ ಒಳಗೆ ಭತ್ತ ಬೆಲ್ಲ ಇಟ್ಟು ಕಟ್ಟೋ ಕುಸುರೆ, ಅದನ್ನ ಕಟ್ಟೋ ಕೈ ನೋಡಿ, ಬೀಡಿ ಕಟ್ಟೋರಷ್ಟೇ ಸ್ಪೀಡು.

ಅಲ್ಲಿಂದ ಅದೇ ರೋಡಲ್ಲಿ ಮುಂದಕ್ಕೆ ಹೋದ್ರೆ ಮಂಡಗದ್ದೆ, ಊರಿಂದ ಲೆಕ್ಕ ಹಾಕಿದ್ರೆ 30 ಕಿ.ಮೀ. ಹೊಳೆ ಮಧ್ಯ ಪುಟ್ಟ ನಡುಗಡ್ಡೆ, ಅದರ ತುಂಬ ಹಕ್ಕಿ ಗೂಡು, ರಸ್ತೆ ಪಕ್ಕ ನಿಂತೇ ನೋಡಬಹುದು, ಅತ್ತೆಯವರು ಕಾರಿಂದ ನಾಲ್ಕು ಹೆಜ್ಜೆ ಇಟ್ರೆ ಸಾಕು. ದಸರಾ ಹೊತ್ತಿಗೆ ಮರಿಗಳು ದೊಡ್ಡವಾಗಿರ್ತಾವೆ, ಗಲಾಟೆ ಜಾಸ್ತಿ. ಇನ್ನೂ ಚೈತನ್ಯ ಇದ್ರೆ ತೀರ್ಥಹಳ್ಳಿ ತನಕ ಹೋಗಿ ಊಟ ಮಾಡಿ, ಆ ಕಡೆ ಚಿಬ್ಬಲಗುಡ್ಡೆ ಅಂತ ಇದೆ, ದೇವಸ್ಥಾನದ ಎದುರಿಗೆ ಹೊಳೇಲಿ ಮೀನು, ಹಿಡಿಯೋ ಹಾಗಿಲ್ಲ, ಹಾಗಾಗಿ ಮೊಳಕೈ ಉದ್ದ ಬೆಳೆದು ಕಾಲ ಹತ್ರಾನೇ ಬರ್ತಾವೆ. ದೇವಸ್ಥಾನ ಬೇಡ ಅಂದ ಮಕ್ಕಳು ಇಲ್ಲಿಂದ ಏಳಲ್ಲ ನೋಡಿ. ವಾಪಸ್ ಬಂದು ಇನ್ನೂ ಟೈಮ್ ಉಳಿದ್ರೆ ಸಾಗರ ರೋಡಲ್ಲಿ 10 ಕಿ.ಮೀಗೆ ತ್ಯಾವರೆಕೊಪ್ಪದ ಹುಲಿ ಸಿಂಹ ಸಫಾರಿ ಇದೆ, ಮಂಗಳವಾರ ರಜೆ, ಆದ್ರೆ ಒಂದೇ ದಿನ ಆನೆ ಹಕ್ಕಿ ಮೀನು ಹುಲಿ ಅಷ್ಟೂ ತುರುಕಬೇಡಿ, ಕೊನೆಗೆ ಮಕ್ಕಳಿಗೆ ನೆನಪಿರೋದು ಐಸ್‌ಕ್ರೀಮ್ ಮಾತ್ರ ಆಗುತ್ತೆ.

ಪ್ರಶ್ನೆ: ಬ್ರೋ ನಾವು ಐದು ಜನ ಫ್ರೆಂಡ್ಸ್, ಜುಲೈಯಲ್ಲಿ ಬೈಕಲ್ಲಿ ಬರೋ ಪ್ಲಾನ್. ತುಂಗಾ ನದಿಯಲ್ಲಿ ಈಜೋಕೆ ಒಳ್ಳೆ ಸ್ಪಾಟ್ ಯಾವುದು? ರಶ್ ಇರಬಾರದು. (ದಾವಣಗೆರೆ)

ಉತ್ತರ: ಬ್ರೋ, ಜುಲೈಯಲ್ಲಿ ಯಾವ ಸ್ಪಾಟೂ ಇಲ್ಲ. ರಶ್ ಇರೋ ಜಾಗನೂ ಇಲ್ಲ, ಇಲ್ಲದಿರೋ ಜಾಗನೂ ಇಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ, ಬೈದ ಅಂತ ಅನ್ಕೋಬೇಡಿ. ಗಾಜನೂರು ಡ್ಯಾಮು ಚಿಕ್ಕದು, 3.24 ಟಿಎಂಸಿ ಅಷ್ಟೆ, ಲಕ್ಕವಳ್ಳಿಯ ಭದ್ರಾ ಡ್ಯಾಮು 71 ಟಿಎಂಸಿ ಹಿಡಿಯುತ್ತೆ, ಹೋಲಿಸಿ ನೋಡಿ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಎರಡು ದಿನ ಮಳೆ ಹಿಡೀತು ಅಂದ್ರೆ ಗಾಜನೂರು ತುಂಬಿ ಗೇಟ್ ಎತ್ತುತಾರೆ, ಊರಲ್ಲಿ ಬಿಸಿಲಿದ್ರೂ ಹೊಳೆ ಏರುತ್ತೆ. ನೀವು ಮೊಣಕಾಲು ನೀರು ಅಂತ ಇಳಿದಿರ್ತೀರಿ, ಅದು ಸೊಂಟಕ್ಕೆ ಬರೋದು ಗೊತ್ತೇ ಆಗಲ್ಲ, ಕೆಳಗೆ ಪಾಚಿ ಬಂಡೆ ಬೇರೆ. ಬೇಸಿಗೇಲೂ ಊರಿನವರನ್ನ ಕೇಳದೆ ಇಳಿಯಬೇಡಿ.

ಈಜೋದು ಬಿಟ್ಟು ಜುಲೈಯಲ್ಲಿ ಮಾಡೋಕೆ ಬೇಕಾದಷ್ಟಿದೆ. ನಮ್ಮೂರಲ್ಲಿ ಮಳೆಗಾಲದ ಒಂದು ದೊಡ್ಡ ಹವ್ಯಾಸ ಅಂದ್ರೆ ಮಂಟಪ ನೋಡೋಕೆ ಹೋಗೋದು. ಕೋರ್ಪಲಯ್ಯನ ಛತ್ರದ ಹತ್ರ ಹೊಳೆ ಒಳಗೆ ಒಂದು ಕಲ್ಲು ಮಂಟಪ ಇದೆ, ಬೇಸಿಗೇಲಿ ಅದರ ಕಡೆ ಯಾರೂ ತಿರುಗಿ ನೋಡಲ್ಲ, ಮಳೆ ಶುರುವಾದ್ರೆ ಮಾತ್ರ ಅದೇ ನಮ್ಮ ಮೀಟರು. ಕಂಬ ಅರ್ಧ ಮುಳುಗ್ತು, ಪೂರ್ತಿ ಮುಳುಗ್ತು ಅಂತ ಫೋನಲ್ಲಿ ಮಾತಾಡ್ಕೋತೀವಿ, ಮಂಟಪ ಮುಳುಗಿದ ದಿನ ಪೇಪರಲ್ಲಿ ಫೋಟೋ, ಸೇತುವೆ ಮೇಲೆ ಛತ್ರಿ ಹಿಡ್ಕೊಂಡು ಜನ, ಅಜ್ಜಂದಿರು ಮೊಮ್ಮಕ್ಕಳನ್ನ ಎತ್ತಿ ತೋರಿಸ್ತಾ, ಕಡ್ಲೆಕಾಯಿ ಗಾಡಿಯವರಿಗೆ ಅವತ್ತು ಹಬ್ಬ. ಹಬ್ಬದ ಜೊತೆ ಹೆದರಿಕೆನೂ ಇದೆ ಅನ್ನಿ, 2019ರ ಆಗಸ್ಟಲ್ಲಿ ಹೊಳೆ ದಂಡೆ ಬಡಾವಣೆಗಳ ಮನೆಯೊಳಗೇ ನುಗ್ಗಿತ್ತು, ನಮ್ಮ ಪರಿಚಯದವರೊಬ್ಬರು ಅಟ್ಟದ ಮೇಲೆ ಟಿವಿ ಇಟ್ಟು ಕೆಳಗೆ ಮದುವೆ ಆಲ್ಬಮ್ ಮರೆತು ಬಂದಿದ್ರು.

ಇನ್ನೊಂದು ಕೂಡ್ಲಿ. ಊರಿಂದ ಹೊಳೆಹೊನ್ನೂರು ಕಡೆಗೆ ಹದಿನೈದು ಹದಿನಾರು ಕಿ.ಮೀ, ತುಂಗಾ ಭದ್ರಾ ಕೂಡೋ ಜಾಗ, ಇಲ್ಲಿಂದ ಮುಂದಕ್ಕೆ ಅದು ತುಂಗಭದ್ರಾ. ಇವೆರಡೂ ಹುಟ್ಟೋದು ಒಂದೇ ಕಡೆ, ಕುದುರೆಮುಖದ ಹತ್ರ ಗಂಗಾಮೂಲದಲ್ಲಿ, ಹುಟ್ಟಿದ ಮೇಲೆ ಒಂದು ಶೃಂಗೇರಿ ತೀರ್ಥಹಳ್ಳಿ ಸುತ್ತಿ ಬರುತ್ತೆ, ಇನ್ನೊಂದು ಬಾಳೆಹೊನ್ನೂರು ಭದ್ರಾವತಿ ಸುತ್ತಿ ಬರುತ್ತೆ, ಕೂಡ್ಲೀಲಿ ಮತ್ತೆ ಭೇಟಿ. ಮಳೆಗಾಲದ ಶುರುವಲ್ಲಿ ಹೋದ್ರೆ ಒಂದು ವಿಷಯ ಕಣ್ಣಾರೆ ಕಾಣಬಹುದು: ಭದ್ರಾ ನೀರನ್ನ ಮೇಲೆ ದೊಡ್ಡ ಡ್ಯಾಮು ಹಿಡಿದಿಟ್ಟಿರುತ್ತೆ, ಹಾಗಾಗಿ ಆ ಕಡೆ ನೀರು ಸೌಮ್ಯ, ತುಂಗಾ ಮಾತ್ರ ಕೆಂಪು ಮಣ್ಣು ಬೆರೆಸಿಕೊಂಡು ಚಹಾ ಬಣ್ಣಕ್ಕೆ ಮೈದುಂಬಿ ಬರುತ್ತೆ, ಸಂಗಮದಲ್ಲಿ ಎರಡೂ ಸ್ವಲ್ಪ ದೂರ ಬೇರೆ ಬೇರೆಯಾಗೇ ಪಕ್ಕಪಕ್ಕ ಹೋಗ್ತಾವೆ, ಆಮೇಲೆ ಬೆರೀತಾವೆ. ದಡದ ಮೇಲೇ ನಿಂತು ನೋಡಿ. ರೈನ್‌ಕೋಟ್ ಒಳ್ಳೇದು ತನ್ನಿ, ನೂರು ರೂಪಾಯಿದು ಗಾಜನೂರು ದಾಟೋಷ್ಟರಲ್ಲಿ ಹರಿಯುತ್ತೆ.

ಪ್ರಶ್ನೆ: ಮಗಳಿಗೆ ಶಿವಮೊಗ್ಗದಲ್ಲಿ ಒಂದು ಪರೀಕ್ಷೆ ಉಂಟು, ಮೂರು ಗಂಟೆ ಹೊರಗೆ ಕಾಯಬೇಕು. ಆ ಟೈಮಿಗೆ ಎಂತ ನೋಡ್ಬಹುದು? ದೂರ ಹೋಗ್ಲಿಕ್ಕೆ ಆಗುದಿಲ್ಲ. (ಮಂಗಳೂರು)

ಉತ್ತರ: ಆಟೋ ಹಿಡಿದು ಕೋಟೆಗೆ ಹೋಗಿ. ಶಿವಪ್ಪ ನಾಯಕನ ಅರಮನೆ ಅಂತಾರೆ, ಈಗ ಸರ್ಕಾರಿ ಮ್ಯೂಸಿಯಂ. ಮೈಸೂರು ಅರಮನೆ ಮನಸ್ಸಲ್ಲಿ ಇಟ್ಕೊಂಡು ಹೋಗಬೇಡಿ, ಇದು ಮರದ ಕಂಬ ಮರದ ಬಾಲ್ಕನಿಯ ತಣ್ಣನೆ ಕಟ್ಟಡ, ದೊಡ್ಡ ಜಮೀನ್ದಾರರ ಮನೆ ಥರ. ಒಳಗಿಗಿಂತ ಹೊರಗಿನ ಹುಲ್ಲುಹಾಸಲ್ಲಿ ನನಗೆ ಹೆಚ್ಚು ಹೊತ್ತು ಹೋಗುತ್ತೆ, ಜಿಲ್ಲೆ ತುಂಬ ಸಿಕ್ಕ ವೀರಗಲ್ಲು, ಮಾಸ್ತಿಕಲ್ಲು, ಮೂಗು ಹೋದ ವಿಗ್ರಹ ಎಲ್ಲ ಸಾಲಾಗಿ ನಿಲ್ಲಿಸಿದಾರೆ. ವೀರಗಲ್ಲನ್ನ ಕೆಳಗಿಂದ ಮೇಲಕ್ಕೆ ಓದಬೇಕು, ಕೆಳಗಿನ ಪಟ್ಟೀಲಿ ಜಗಳ, ಮಧ್ಯದಲ್ಲಿ ಅಪ್ಸರೆಯರು ಸತ್ತವನನ್ನ ಕರ್ಕೊಂಡು ಹೋಗೋದು, ಮೇಲೆ ಕೈಲಾಸ. ಪಕ್ಕದಲ್ಲೇ ಕೋಟೆ ಸೀತಾರಾಮಾಂಜನೇಯ ದೇವಸ್ಥಾನ, ಹಾಗೇ ನಡ್ಕೊಂಡು ಹೊಳೆ ದಂಡೆ.

ಇಷ್ಟಕ್ಕೆ ಎರಡು ಗಂಟೆ. ಉಳಿದ ಒಂದು ಗಂಟೆಗೆ ಗಾಂಧಿ ಬಜಾರು, ಅಪ್ಪೆಮಿಡಿ ಉಪ್ಪಿನಕಾಯಿ ತಗೊಳ್ಳಿ, ಇಲ್ಲಾಂದ್ರೆ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚು, ಒಳಗೆ ಬಣ್ಣದ ಗಾಜಿನ ಬೆಳಕಲ್ಲಿ ಸುಮ್ನೆ ಕೂತ್ಕೋಬಹುದು, ಪರೀಕ್ಷೆ ಬರೀತಿರೋ ಮಗಳ ಅಮ್ಮನಿಗೆ ಅದೇ ಬೇಕಾಗಿರೋದು. ಅಂದ ಹಾಗೆ ಬಿ.ಎಚ್. ಅಂದ್ರೆ ಬೆಂಗಳೂರು–ಹೊನ್ನಾವರ, ಯಾರೋ ದೊಡ್ಡ ಮನುಷ್ಯರ ಇನಿಶಿಯಲ್ ಅಂತ ನಾನು ಕಾಲೇಜಿಗೆ ಬರೋ ತನಕ ಅನ್ಕೊಂಡಿದ್ದೆ.

ಪ್ರಶ್ನೆ: ಸರ್, ನಮ್ಮ ಸಾಲಿ ಹುಡುಗರನ್ನ ಬಸ್ಸಿನ್ಯಾಗ ಕರ್ಕೊಂಡು ಬರ್ಲಕತ್ತೀವ್ರಿ, 50 ಮಂದಿ, ಎಂಟನೇತ್ತ ಒಂಬತ್ತನೇತ್ತ. ಇತಿಹಾಸ ಪಾಠಕ್ಕ ಹೊಂದೂ ಹಂಗ ಜಾಗ ಹೇಳ್ರಿ. ಮಲೆನಾಡು ಅಂದ್ರ ಬರೀ ಫಾಲ್ಸ್ ಅಂತ ಹುಡುಗರು ತಿಳ್ಕೊಂಡಾವ. (ಕಲಬುರಗಿ)

ಉತ್ತರ: ಮೇಷ್ಟ್ರೇ, ನಿಮ್ಮಂಥೋರಿಗೆ ಉತ್ತರ ಬರೆಯೋಕೆ ಖುಷಿ. ನಿಮಗೆ ಹೊಳೆ ಬಿಟ್ಟು ಶಿಕಾರಿಪುರದ ಕಡೆ ಕಳಿಸ್ತೀನಿ, ನನ್ನ ರೂಲ್ ನಾನೇ ಮುರೀತಿದೀನಿ ಅಂತ ಗೊತ್ತು. ಶಿಕಾರಿಪುರದಿಂದ ಸುಮಾರು 20 ಕಿ.ಮೀ ಆಚೆ ಬಳ್ಳಿಗಾವಿ, ಅಲ್ಲಮಪ್ರಭು ಹುಟ್ಟಿದ ಊರು, ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಸ್ಥಾನ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ದೊಡ್ಡ ಪಟ್ಟಣ, ನಿಮ್ಮ ಕಡೆಯ ಅರಸರದ್ದೇ ರಾಜ್ಯ ಇಲ್ಲೀತನಕ ಇತ್ತು ಅಂತ ಹುಡುಗರಿಗೆ ಹೇಳಿ, ಕಿವಿ ನೆಟ್ಟಗಾಗುತ್ತೆ. ಕಲ್ಯಾಣದಲ್ಲಿ ಶೂನ್ಯಪೀಠದ ಮೇಲೆ ಕೂತ ಅಲ್ಲಮ ಹೊರಟಿದ್ದು ಇಲ್ಲಿಂದ. ಅಕ್ಕಮಹಾದೇವಿಯ ಉಡುತಡಿನೂ ಅದೇ ತಾಲ್ಲೂಕು.

ಬಳ್ಳಿಗಾವಿ ಪಕ್ಕದಲ್ಲೇ ತಾಳಗುಂದ. ಪ್ರಣವೇಶ್ವರ ದೇವಸ್ಥಾನದ ಎದುರು ಒಂದು ಕಲ್ಲಿನ ಕಂಬ, ನೋಡೋಕೆ ಏನೂ ಇಲ್ಲ ಅನ್ಸುತ್ತೆ, ಆದ್ರೆ ಅದರ ಮೈಮೇಲೆ ಕದಂಬರ ಕಥೆ ಪೂರ್ತಿ ಇದೆ. ಮಯೂರಶರ್ಮ ಓದೋಕೆ ಅಂತ ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು, ದರ್ಭೆ ಹಿಡಿಯೋ ಕೈಯಲ್ಲಿ ಕತ್ತಿ ಹಿಡಿದಿದ್ದು, ಎಲ್ಲ ಸಂಸ್ಕೃತ ಪದ್ಯದಲ್ಲಿ, ಬರೆದ ಕವಿ ಕುಬ್ಜ. ಪಾಠದಲ್ಲಿ ಎರಡು ಸಾಲಲ್ಲಿ ಬರೋ ವಿಷಯ ಇಲ್ಲಿ ಕಲ್ಲಿನ ಮೇಲೆ ಬೆರಳಳತೇಲಿ ಕಾಣುತ್ತೆ, ಮುಟ್ಟಿಸಬೇಡಿ ಅಷ್ಟೆ. ಎರಡನೇ ದಿನಕ್ಕೆ ಸಾಗರದ ಹತ್ರ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ, ಎರಡೂ ಸಾಗರದಿಂದ ಹತ್ತು ಕಿ.ಮೀ ಒಳಗೆ. ಕೆಳದಿ ದೇವಸ್ಥಾನದ ಒಳಮಾಳಿಗೆಯ ಗಂಡಭೇರುಂಡ ತೋರಿಸಿ, ಶಿವಾಜಿ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟ ಕೆಳದಿ ರಾಣಿ ಚೆನ್ನಮ್ಮನ ಕಥೆ ಅಲ್ಲೇ ಕೂರಿಸಿ ಹೇಳಿ. ಜೋಗ ಅಲ್ಲಿಂದ ಹತ್ರ, ಹುಡುಗರಿಗೆ ಫಾಲ್ಸ್ ತೋರಿಸದೆ ಕರ್ಕೊಂಡು ಹೋದ್ರೆ ನಿಮ್ಮನ್ನ ಬಸ್ಸಿಗೆ ಹತ್ತಿಸಲ್ಲ ಅವರು.

ಪ್ರಶ್ನೆ: ನಾವು ನ್ಯೂಜೆರ್ಸಿಲಿರೋದು. ಮಕ್ಕಳಿಗೆ ಎಲ್ಲರೂ ಸಂಸ್ಕೃತ ಮಾತಾಡೋ ಊರು ತೋರಿಸಬೇಕು, ವಿಡಿಯೋ ಮಾಡಬೇಕು. ಮತ್ತೂರಿಗೆ ಟಿಕೆಟ್ ಇದ್ಯಾ, ಗೈಡ್ ಸಿಗ್ತಾರಾ? (ಅಮೆರಿಕದಿಂದ)

ಉತ್ತರ: ಟಿಕೆಟ್ ಇಲ್ಲ ಮೇಡಂ, ಯಾಕಂದ್ರೆ ಅದು ಊರು, ಮ್ಯೂಸಿಯಂ ಅಲ್ಲ. ಶಿವಮೊಗ್ಗದಿಂದ ಕಾರಲ್ಲಿ ಕಾಲು ಗಂಟೆ ಇಪ್ಪತ್ತು ನಿಮಿಷ, ತುಂಗಾ ದಡದಲ್ಲಿ, ಅಡಿಕೆ ತೋಟದ ಮಧ್ಯ. ಸಂಕೇತಿ ಸಮುದಾಯದವರ ಊರು, ಹಾಗಾಗಿ ಮನೇಲಿ ಸಂಕೇತಿ ಭಾಷೆ, ಹೊರಗೆ ಕನ್ನಡ, ಸಂಸ್ಕೃತ ಕಲಿತೋರು ತುಂಬಾ ಜನ ಇದಾರೆ, ಪಾಠಶಾಲೆ ಇದೆ, ಮಾತಾಡಿಸಿದ್ರೆ ಸಂಸ್ಕೃತದಲ್ಲೂ ಉತ್ತರ ಬರುತ್ತೆ. ಆದ್ರೆ ಅಂಗಡಿ ಮುಂದೆ ಕೂತಿರೋ ಅಜ್ಜನ ಮುಖಕ್ಕೆ ಫೋನ್ ಹಿಡಿದು 'ಸಂಸ್ಕೃತದಲ್ಲಿ ಏನಾದ್ರೂ ಹೇಳಿ' ಅನ್ನೋದಿದೆ ನೋಡಿ, ನಿಮ್ಮ ಮನೆ ಗೇಟಿಗೆ ಬಂದು ಯಾರಾದ್ರೂ ಹಾಗೆ ಕೇಳಿದ್ರೆ ನೀವೇನಂತೀರಿ?

ಹೊಳೆ ಆಚೆ ದಡದಲ್ಲಿ ಹೊಸಹಳ್ಳಿ, ಅದು ಗಮಕದ ಊರು. ಕುಮಾರವ್ಯಾಸ ಭಾರತವನ್ನ ರಾಗವಾಗಿ ಓದೋದು, ಪಕ್ಕದಲ್ಲೊಬ್ಬರು ಅರ್ಥ ಹೇಳೋದು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನನ್ನನ್ನ ಕೇಳಿದ್ರೆ ನ್ಯೂಜೆರ್ಸಿಯಲ್ಲಿ ಕನ್ನಡ ಮರೀತಿರೋ ಮಕ್ಕಳಿಗೆ ಸಂಸ್ಕೃತದ ವಿಡಿಯೋಗಿಂತ ಒಂದು ಸಂಜೆ ಗಮಕ ಕೇಳಿಸೋದು ಮೇಲು, ಪರಿಚಯದವರ ಮೂಲಕ ಮೊದ್ಲೇ ಕೇಳಿ ಹೋಗಿ. ಅಥವಾ ತೀರ್ಥಹಳ್ಳಿಯಿಂದ ಮುಂದೆ ಕುಪ್ಪಳಿಗೆ ಕರ್ಕೊಂಡು ಹೋಗಿ, ಕುವೆಂಪು ಬೆಳೆದ ಮನೆ, ಒಳಗೆ ದೊಡ್ಡ ಹಂಡೆ, ಕಡೆಗೋಲು, ಬಾಣಂತಿ ಕೋಣೆ ಎಲ್ಲ ಹಾಗೇ ಇಟ್ಟಿದಾರೆ, ಮೇಲೆ ಗುಡ್ಡದಲ್ಲಿ ದೊಡ್ಡ ದೊಡ್ಡ ಕಲ್ಲು ನಿಲ್ಲಿಸಿರೋ ಕವಿಶೈಲ. ಸಂಜೆ ಐದರ ಮೇಲೆ ಆ ಕಲ್ಲುಗಳ ಮಧ್ಯ ಕೂತ್ರೆ ಎದುರಿಗೆ ಬರೀ ಕಾಡು. ಅಲ್ಲಿ ನೆಟ್‌ವರ್ಕ್ ಸಿಗೋದು ಕಷ್ಟ, ನಿಮ್ಮ ಮಕ್ಕಳಿಗೆ ಮೊದ್ಲೇ ಎಚ್ಚರಿಕೆ ಕೊಡಿ.

ಪ್ರಶ್ನೆ: ತಿನ್ನೋಕೆ ಏನು ಸ್ಪೆಷಲ್? ನೇರವಾಗಿ ಹೇಳಿ. (ಹುಬ್ಬಳ್ಳಿ)

ಉತ್ತರ: ಕಡುಬು. ಮಲೆನಾಡಿನ ಅಕ್ಕಿ ತರಿ ಕಡುಬು, ಉಂಡೆ ಕಟ್ಟಿ ಹಬೇಲಿ ಬೇಯಿಸಿದ್ದು, ಸಸ್ಯಾಹಾರಿಗಳಿಗೆ ಕಾಯಿಚಟ್ನಿ ಜೊತೆ ತುಪ್ಪ, ತಿನ್ನೋರಿಗೆ ಕೋಳಿ ಸಾರು, ಹೊಳೆ ಮೀನಿನ ಸಾರು. ಮಳೆಗಾಲದಲ್ಲಿ ಬಂದ್ರೆ ಕಳಲೆ ಪಲ್ಯ, ಕೆಸುವಿನ ಎಲೆಯ ಪತ್ರೊಡೆ. ಇವು ದೊಡ್ಡ ಹೋಟೆಲಿನ ಮೆನುವಲ್ಲಿ ಸಿಗೋದು ಅಪರೂಪ, ಅಲ್ಲಿ ನಾರ್ತ್ ಇಂಡಿಯನ್ನೇ ಜಾಸ್ತಿ, ಚಿಕ್ಕ ಖಾನಾವಳಿ, ಹೋಮ್‌ಸ್ಟೇಗಳಲ್ಲಿ ಹಿಂದಿನ ದಿನವೇ ಹೇಳಿದ್ರೆ ಮಾಡಿಕೊಡ್ತಾರೆ.

ಸಾಗರದ ಕಡೆಯಿಂದ ತೊಡದೇವು ಕಟ್ಟಿಸ್ಕೊಂಡು ಬನ್ನಿ. ನಮ್ಮ ದೊಡ್ಡಮ್ಮ ಮಾಡೋದನ್ನ ಚಿಕ್ಕವನಿದ್ದಾಗ ಒಲೆ ಪಕ್ಕ ಕೂತು ನೋಡಿದೀನಿ. ಒಂದು ಮಣ್ಣಿನ ಗಡಿಗೆ ಬೆಂಕಿ ಮೇಲೆ ಬೋರಲು ಹಾಕೋದು, ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲೋ ಬೆಲ್ಲವೋ ಸೇರಿಸಿದ ನೀರು ನೀರಾದ ಹಿಟ್ಟಲ್ಲಿ ಬಟ್ಟೆ ಅದ್ದಿ ಗಡಿಗೆ ಬೆನ್ನ ಮೇಲೆ ಒಂದೇ ಎಳೆತ, ಚುಂಯ್ ಅನ್ನೋದು, ಕಾಗದದಷ್ಟು ತೆಳು ಹಾಳೆ, ಬಿಸಿ ಇರೋವಾಗಲೇ ಮಡಚಬೇಕು, ಒಂದು ಕ್ಷಣ ತಡ ಆದ್ರೆ ಚೂರು. ಆ ಚೂರುಗಳಿಗಾಗೇ ನಾವು ಕೂತಿರ್ತಿದ್ದಿದ್ದು. ಬ್ಯಾಗಲ್ಲಿ ಎಲ್ಲಕ್ಕಿಂತ ಮೇಲೆ ಇಡಿ, ಹುಬ್ಬಳ್ಳಿ ಮುಟ್ಟೋಷ್ಟರಲ್ಲಿ ಅರ್ಧ ಪುಡಿ ಆಗೇ ಆಗುತ್ತೆ, ಬಿಸಿ ಹಾಲು ತುಪ್ಪದ ಜೊತೆ ಪುಡಿನೂ ಚೆನ್ನಾಗೇ ಇರುತ್ತೆ.

ಪ್ರಶ್ನೆ: 1980ರ ಸುಮಾರಿಗೆ ಲಾಂಚಿನಲ್ಲಿ ಸಿಗಂದೂರಿಗೆ ಹೋಗಿದ್ದೆ. ಈಗ ವಯಸ್ಸು 74. ರೈಲಿನಲ್ಲಿ ಬಂದು ಮತ್ತೊಮ್ಮೆ ದರ್ಶನ ಮಾಡಬೇಕೆಂಬ ಆಸೆ. ಕ್ಯೂ ನಿಲ್ಲಲು ಆಗದು. (ಮೈಸೂರು)

ಉತ್ತರ: ಹಿರಿಯರೇ, ಲಾಂಚ್ ಕ್ಯೂ ಈಗ ಇಲ್ಲ. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಮಧ್ಯೆ ಎರಡು ಕಿ.ಮೀಗಿಂತ ಉದ್ದದ ಕೇಬಲ್ ಸೇತುವೆ 2025ರ ಜುಲೈ 14ಕ್ಕೆ ಉದ್ಘಾಟನೆ ಆಯ್ತು, ಕಾರು ನೇರ ದೇವಸ್ಥಾನದ ಹತ್ರ ಹೋಗುತ್ತೆ. ಲಿಂಗನಮಕ್ಕಿ ಡ್ಯಾಮು 1964ರಲ್ಲಿ ಮುಗಿದಾಗ ಮುಳುಗಿದ ಊರುಗಳ ಜನ, ಆಚೆ ದಡದಲ್ಲಿ ಉಳಿದವರು, ಇಷ್ಟು ವರ್ಷ ಆಸ್ಪತ್ರೆಗೂ ಲಾಂಚ್ ಕಾಯ್ತಿದ್ರು, ನಮಗೆ ಪ್ರವಾಸ ಆದದ್ದು ಅವರಿಗೆ ದಿನನಿತ್ಯದ ಪಾಡಾಗಿತ್ತು. ರಾತ್ರಿ ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಸಾಗರದಲ್ಲಿ ಇಳೀಬಹುದು, ಸ್ಟೇಷನ್ ಹೆಸರು ಸಾಗರ ಜಂಬಗಾರು ಅಂತ ಇರುತ್ತೆ, ಗಾಬರಿ ಬೇಡ. ಹಗಲು ಗಾಡಿಯಲ್ಲಿ ಬಂದ್ರೆ ಶಿವಮೊಗ್ಗ ದಾಟಿದ ಮೇಲೆ ಅರಸಾಳು ಸ್ಟೇಷನ್ ಕಿಟಕಿಯಿಂದ ನೋಡಿ, ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಧಾರಾವಾಹಿಯ ರೈಲ್ವೆ ಸ್ಟೇಷನ್ ಇದೇ, ಈಗ ಅದರದ್ದೇ ಪುಟ್ಟ ಮ್ಯೂಸಿಯಂ ಮಾಡಿದಾರೆ. ಸಾಗರದಲ್ಲಿ ಅರ್ಧ ದಿನ ಉಳಿದ್ರೆ ಹೆಗ್ಗೋಡಿಗೆ ಹೋಗಿ ಬನ್ನಿ, ನೀನಾಸಂ ನಾಟಕ ಸಂಸ್ಥೆ ನೋಡಿ, ಚರಕ ಸಂಸ್ಥೆಯವರ ಕೈಮಗ್ಗದ ಜುಬ್ಬ ಒಂದು ತಗೊಳ್ಳಿ.

ಪ್ರಶ್ನೆ: ಹೊಳೆ ಹೊಳೆ ಅಂತ ಬರೀತೀರಲ್ಲ, ಹೊಸದಾಗಿ ಮಾಡಿರೋ ನದಿ ದಂಡೆ ವಾಕಿಂಗ್ ಪಾತ್‌ಗೆ ಹೋಗಿದ್ವಿ, ಬೇಸಿಗೇಲಿ ಒಂದು ಕಡೆ ಮೂಗು ಮುಚ್ಕೋಬೇಕಾಯ್ತು. ಗಂಗಾ ಸ್ನಾನ ತುಂಗಾ ಪಾನ ಅನ್ನೋದು ಬರೀ ಗಾದೆನಾ? (ಹಾಸನ)

ಉತ್ತರ: ನಿಮ್ಮ ಮೂಗು ಸುಳ್ಳು ಹೇಳಿಲ್ಲ. ಊರಿನ ಚರಂಡಿ ನೀರು ಹೊಳೆಗೆ ಸೇರ್ತಿದೆ, ಮಳೆಗಾಲದಲ್ಲಿ ಹೊಳೆ ಅದನ್ನ ತೊಳ್ಕೊಂಡು ಹೋಗುತ್ತೆ, ಮಾರ್ಚ್ ಏಪ್ರಿಲಲ್ಲಿ ನೀರಿಳಿದಾಗ ನಮ್ಮ ಕೊಳಕು ನಮಗೇ ಕಾಣುತ್ತೆ. ದಂಡೇಲಿ ದೀಪ, ಬೆಂಚು, ಚಿತ್ರ ಎಲ್ಲ ಚೆನ್ನಾಗೇ ಮಾಡಿದಾರೆ, ಸಂಜೆ ನಾನೂ ಹೋಗ್ತೀನಿ, ಆದ್ರೆ ಬೆಂಚು ಮೊದ್ಲು ಬಂದು ಚರಂಡಿ ಕೆಲಸ ಆಮೇಲೆ ಅಂದ್ರೆ ಹಿಂಗೇ ಆಗೋದು. ಪೂಜೆ ಹೂವು, ಹಳೇ ಫೋಟೋ, ಪ್ಲಾಸ್ಟಿಕ್ ಕವರ್ ಸಮೇತ ಸೇತುವೆಯಿಂದ ಎಸೆಯೋ ನಾವೂ ಕಮ್ಮಿ ಇಲ್ಲ, ಕಾರ್ ನಿಲ್ಲಿಸಿ ಕೈ ಮುಗಿದು ಎಸೀತಾರೆ. 2024ರ ನವೆಂಬರಲ್ಲಿ ನಿರ್ಮಲ ತುಂಗಭದ್ರಾ ಅಂತ ಶೃಂಗೇರಿಯಿಂದ ಹೊಳೆ ಗುಂಟ ಪಾದಯಾತ್ರೆ ಹೊರಟಿತ್ತು, ನಮ್ಮೂರಿನವರೂ ತುಂಬಾ ಜನ ನಡೆದ್ರು. ತುಂಗಾ ಪಾನದ ರುಚಿ ಬೇಕಂದ್ರೆ ಶೃಂಗೇರಿ ಕಡೆಯೋರನ್ನ ಕೇಳಿ, ಇಲ್ಲಿ ಮಾತ್ರ ನಲ್ಲಿ ನೀರು ಫಿಲ್ಟರ್ ಮಾಡಿ ಕುಡೀರಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನಿಮ್ಮ ಮಾತು ನಂಬಿ ಮಂಡಗದ್ದೆಗೆ ಹೋದೆ. ಏಪ್ರಿಲ್ ತಿಂಗಳು, ಉರಿ ಬಿಸಿಲು, ಒಂದು ಕಾಗೆನೂ ಇರ್ಲಿಲ್ಲ. ಮನೆಯವರ ಮುಂದೆ ಮರ್ಯಾದೆ ಹೋಯ್ತು. ಇದಕ್ಕೆ ಏನಂತೀರಿ? (ತುಮಕೂರು)

ಉತ್ತರ: ಏಪ್ರಿಲಲ್ಲಿ ಹೋಗಿ ಅಂತ ನಾನು ಬರೆದಿರ್ಲಿಲ್ಲ ಸ್ವಾಮಿ, ಹಳೇ ಸಂಚಿಕೆ ತೆಗೆದು ನೋಡಿದೆ, 'ಮಳೆ ಹಿಡಿದ ಮೇಲೆ' ಅಂತ ಸ್ಪಷ್ಟವಾಗಿದೆ, ಅಚ್ಚಿನ ತಪ್ಪೂ ಇಲ್ಲ. ಆ ಹಕ್ಕಿಗಳು ಗೂಡು ಕಟ್ಟೋದೇ ಹೊಳೆ ತುಂಬಿದಾಗ. ಸುತ್ತ ಜೋರು ನೀರಿದ್ರೆ ಹಾವು, ಬೆಕ್ಕು, ಮನುಷ್ಯ ಯಾರೂ ಆ ನಡುಗಡ್ಡೆಗೆ ಬರೋಕಾಗಲ್ಲ, ಮರಿಗಳು ಕ್ಷೇಮ, ಸುತ್ತ ಗದ್ದೆಯಲ್ಲಿ ಮೀನು ಕಪ್ಪೆಗೂ ಬರ ಇಲ್ಲ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಅರ್ಧ ಮುಳುಗಿದ ಮರದ ಕೊಂಬೆ ಮೇಲೆ ಒಂದರ ಮೇಲೊಂದು ಅಪಾರ್ಟ್‌ಮೆಂಟ್ ಥರ ಸಂಸಾರ ಹೂಡಿರ್ತಾವೆ, ನೀರು ಇಳಿಯೋ ಹೊತ್ತಿಗೆ ಮರಿಗಳಿಗೆ ರೆಕ್ಕೆ ಬಲಿತು ಮನೆ ಖಾಲಿ. ನೀವು ಹೋಗಿದ್ದು ಖಾಲಿ ಮನೆಗೆ. ಆಗಸ್ಟಲ್ಲಿ ಮನೆಯವರನ್ನೂ ಕರ್ಕೊಂಡು ಇನ್ನೊಂದ್ಸಲ ಬನ್ನಿ, ಛತ್ರಿ ತನ್ನಿ, ಬೈನಾಕ್ಯುಲರ್ ನಂದೇ ಕೊಡ್ತೀನಿ, ಎಡಗಣ್ಣಿನ ಲೆನ್ಸ್ ಸ್ವಲ್ಪ ಮಸುಕು.